ಎದೆಯೊಳಗಿನ ಕಾವಲುಗಾರ

ದುರ್ಬಲ ಹೃದಯದ ಲಯ ಹಠಾತ್ತನೆ ಕೆಟ್ಟಾಗ ವಿದ್ಯುದಾಘಾತ ನೀಡಿ ಪ್ರಾಣ ಉಳಿಸುವ ಡಿಫಿಬ್ರಿಲೇಟರ್ ಯಂತ್ರವನ್ನು ಮನುಷ್ಯದೇಹದಲ್ಲಿ ಮೊದಲು ಅಳವಡಿಸಿದ್ದು 1980ರಲ್ಲಿ, ಅಮೆರಿಕದ ಬಾಲ್ಟಿಮೋರಿನಲ್ಲಿ. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲೂ ಇಂದು ಈ ಚಿಕಿತ್ಸೆಯುಂಟು. ಯಂತ್ರವಿಟ್ಟುಕೊಂಡು ಊರಿಗೆ ಮರಳಿದವರನ್ನು ಕಾಡುವ ಭಯವೊಂದೇ: ಎದೆಗೆ ಒದ್ದಂತಾಗುವ ಆ ಆಘಾತ ಯಾವಾಗ ಬಂದೀತು?

ಅದು ಬರಿಯ ವಿಧಿಯಾಟವಲ್ಲವೆಂದು ನಾವು ಹೇಳಬಯಸುತ್ತೇವೆ. ಹೃದಯದ ಶಕ್ತಿ ತೀರ ಕುಂದಿರುವುದು, ಹಿಂದೊಮ್ಮೆ ಲಯ ತಪ್ಪಿರುವುದು, ಹೃದಯದ ಮೇಲಿನ ಕೋಣೆಗಳ ಕಂಪನ, ಮೂತ್ರಪಿಂಡದ ದೌರ್ಬಲ್ಯ, ಇವೆಲ್ಲ ಆಘಾತದ ಸಂಭವವನ್ನು ಹೆಚ್ಚಿಸುತ್ತವೆ. ಇವನ್ನು ವೈದ್ಯರು ನೋಡಿಕೊಳ್ಳುವರು. ಉಳಿದದ್ದು ಮನೆಯವರ ಹೊಣೆ. ಆರಾಮಾಯಿತೆಂದು ಗುಳಿಗೆ ನಿಲ್ಲಿಸಬಾರದು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಬೇಸಿಗೆ ಎಲ್ಲರಿಗೂ ಗೊತ್ತು. ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರಿಗೆ ಆಗ ವಾಂತಿಭೇದಿಯಾದರೆ ರಕ್ತದ ಪೊಟ್ಯಾಸಿಯಂ ಕುಸಿದು ಲಯ ಕೆಡಬಹುದು. ಅಂದೇ ವೈದ್ಯರಿಗೆ ತಿಳಿಸಬೇಕು.

ಒಂದು ಆಘಾತವಾಗಿ ಚೇತರಿಸಿಕೊಂಡರೆ ಅದೇ ದಿನ ವೈದ್ಯರನ್ನು ಸಂಪರ್ಕಿಸಿರಿ. ದಿನದಲ್ಲಿ ಎರಡಾದರೆ, ಎಚ್ಚರ ತಪ್ಪಿದರೆ, ಎದೆನೋವು ನಿಲ್ಲದಿದ್ದರೆ, ತಡಮಾಡದೆ 108ಕ್ಕೆ ಕರೆ ಮಾಡಿರಿ. ಆಗ ರೋಗಿಯನ್ನು ಹಿಡಿದುಕೊಂಡವರಿಗೆ ಅಪಾಯವಿಲ್ಲ.

ಎದೆಯ ಮೇಲಿನ ಬೆಳ್ಳಿಯ ಕರಡಿಗೆಯಿಂದ ಯಂತ್ರಕ್ಕೆ ಬಾಧಕವಿಲ್ಲ, ಬೆಳ್ಳಿ ಅಯಸ್ಕಾಂತವಲ್ಲ. ಮೊಬೈಲನ್ನು ಮಾತ್ರ ಯಂತ್ರವಿರುವ ಬದಿಯ ಜೇಬಿನಲ್ಲಿಡಬಾರದು.

ಕಾವಲುಗಾರನಿದ್ದಾನೆಂದು ಮನೆಯ ಕದ ತೆರೆದಿಡುವುದುಂಟೆ?