ಫೌಜಿಗಳ ತಲೆಪೆಟ್ಟು: ಅಮೆರಿಕದಲ್ಲಿ ಕೋಟಿಗಟ್ಟಲೆ ಅನುದಾನ, ನಮ್ಮಲ್ಲಿ ಮೊದಲು ಲೆಕ್ಕವಾದರೂ ಆಗಲಿ

ಯಡೂರು: ಇಂಥಾದ್ದು ಮನೆಯವರಿಗಿಂತ ಮೊದಲು ಅಂಗಡಿಯವರಿಗೆ ಗೊತ್ತಾಗ್ತದ. ಬೆಳಿಗ್ಗೆ ಸಕ್ಕರೆ ಒಯ್ದ ಗಿರಾಕಿ ಮಧ್ಯಾಹ್ನ ಮತ್ತೆ ಸಕ್ಕರೆಗೇ ಬರ್ತಾರ. ಉದ್ರಿ ತೀರಿಸಿದ್ದು ನೆನಪಿಲ್ಲ. ಪಕ್ಕದಲ್ಲಿ ಡಬ್ಬಿ ಬಿದ್ದು ಸದ್ದಾದರೆ ಸಿಟ್ಟು ನೆತ್ತಿಗೇರ್ತದ. "ಮಿಲಿಟ್ರಿಯಿಂದ ಬಂದವ್ರು, ಸ್ವಲ್ಪ ಸಿಟ್ಟಿನವ್ರು" ಅಂತ ಜನ ಸುಮ್ಮನಾಗಿಬಿಡ್ತಾರ. ಅದು ಸ್ವಭಾವವೇ ಇರಬಹುದು. ಎಷ್ಟೋ ವರ್ಷದ ಹಿಂದೆ ತಲೆಗೆ ಬಿದ್ದ ಪೆಟ್ಟಿನ ಫಲವೂ ಇರಬಹುದು. ಇವೆರಡರಲ್ಲಿ ಯಾವುದು ಅಂತ ಹೇಳಬೇಕಾದದ್ದು ವೈದ್ಯಕೀಯ ಸಂಶೋಧನೆ. ಅದಕ್ಕೆ ರೊಕ್ಕ ಹಾಕುವವರು ಯಾರು ಅನ್ನೋದೇ ಈಗಿನ ಪ್ರಶ್ನೆ.

ಅಮೆರಿಕದಲ್ಲಿ ಸರ್ಕಾರವೇ ಹಾಕುತ್ತದೆ. ಇರಾಕ್, ಅಫ್ಗಾನಿಸ್ತಾನದಲ್ಲಿ ರಸ್ತೆಬದಿ ಬಾಂಬಿಗೆ ಸಿಕ್ಕು ಬದುಕಿ ಬಂದ ಸೈನಿಕರ ಮೈಮೇಲೆ ಗಾಯ ಇರಲಿಲ್ಲ, ಸ್ಕ್ಯಾನ್ ಕೂಡ ಬಹಳ ಸಲ ಸ್ವಚ್ಛ ಬರುತ್ತಿತ್ತು. ಆದರೂ ತಲೆನೋವು, ಮರೆವು, ನಿದ್ದೆ ಇಲ್ಲದಿರುವುದು ಬಿಡಲಿಲ್ಲ. ಸ್ಫೋಟದ ಒತ್ತಡದ ಅಲೆಯೇ ಮಿದುಳನ್ನು ಅಲುಗಾಡಿಸಿ ಒಳಗಿನ ಸೂಕ್ಷ್ಮ ನರತಂತುಗಳಿಗೆ ಹಾನಿ ಮಾಡಬಲ್ಲದು. 2007ರಲ್ಲಿ ಅಲ್ಲಿನ ಸಂಸತ್ತು ಮಿದುಳಿನ ಪೆಟ್ಟಿನ ಸಂಶೋಧನೆಗೆ ಅಂತಲೇ 15 ಕೋಟಿ ಡಾಲರ್ ತೆಗೆದಿಟ್ಟಿತು. 2025ರ ಜೂನ್‌ನಲ್ಲಿ ಟೆಕ್ಸಾಸ್ ರಾಜ್ಯ ಐಬೊಗೇನ್ ಅನ್ನುವ ಔಷಧದ ಪ್ರಯೋಗಕ್ಕೆ 5 ಕೋಟಿ ಡಾಲರ್ ಮಂಜೂರು ಮಾಡಿತು. ನಮ್ಮ ಲೆಕ್ಕದಲ್ಲಿ 400 ಕೋಟಿ ರೂಪಾಯಿಗೂ ಮೇಲೆ.

ಹಾಗಂತ ರೊಕ್ಕ ಸುರಿದ ಕೂಡಲೇ ಔಷಧ ಸಿಗುತ್ತದೆ ಅಂತೇನಿಲ್ಲ. ಐಬೊಗೇನ್ ಆಫ್ರಿಕಾದ ಒಂದು ಗಿಡದ ಬೇರಿನ ತೊಗಟೆಯಿಂದ ಬರುವ ವಸ್ತು. ಅದರ ಬಗ್ಗೆ ಆಸೆ ಹುಟ್ಟಿಸಿದ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ಇದ್ದವರು 30 ಮಾಜಿ ಸೈನಿಕರು ಮಾತ್ರ, ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಹೃದಯದ ಬಡಿತ ಏರುಪೇರು ಮಾಡುವ ಅಪಾಯವೂ ಅದಕ್ಕಿದೆ. ಒತ್ತಡದ ಕೋಣೆಯಲ್ಲಿ ಕೂರಿಸಿ ಆಮ್ಲಜನಕ ಕೊಡುವ ಚಿಕಿತ್ಸೆಯನ್ನು ಅಮೆರಿಕದ ಸೇನೆಯೇ ಪರೀಕ್ಷಿಸಿತು. ತೋರಿಕೆಗೆ ಕೋಣೆಯಲ್ಲಿ ಕೂರಿಸಿದವರಿಗೂ ಅಷ್ಟೇ ಗುಣ ಕಂಡಿತು. ಸರ್ಕಾರಿ ದುಡ್ಡಿನ ಸಂಶೋಧನೆಯಿಂದ ಆಗುವ ಒಂದು ಲಾಭ ಇದು: ಯಾವುದು ಕೆಲಸ ಮಾಡುವುದಿಲ್ಲ ಅನ್ನೋದಾದರೂ ಗೊತ್ತಾಗ್ತದ. ನಾಳೆ ಯಾರಾದರೂ ಇಲ್ಲಿ "ಆಕ್ಸಿಜನ್ ಥೆರಪಿ, 20 ಸಿಟಿಂಗ್" ಅಂತ ಬೋರ್ಡ್ ಹಾಕಿದರೆ ಹೊಲ ಒತ್ತಿ ಇಡುವ ಮೊದಲು ಇದು ನೆನಪಿರಲಿ.

ಈಗ ನಮ್ಮ ಜಿಲ್ಲೆಗೆ ಬರೋಣ. 1922ರಿಂದ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಬೆಳಗಾವಿಯಲ್ಲಿದೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ರಾಯಬಾಗ ಕಡೆ ಮನೆಗೊಬ್ಬ ಫೌಜಿ ಅನ್ನುವಂಥ ಊರುಗಳಿಗೆ ಕೊರತೆಯಿಲ್ಲ. ಸೈನಿಕನ ಮಿದುಳಿಗೆ ಹಾನಿ ಆಗಲು ಬಾಂಬೇ ಬೇಕಂತಿಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಸಿಕ್ಕಿಕೊಂಡಿದ್ದ ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನಮಂತಪ್ಪ ಕೊಪ್ಪದ ಅವರನ್ನು ಯಾರು ಮರೆತಾರು? ಅವರ ಮಿದುಳಿಗೆ ಆಮ್ಲಜನಕ ಸಾಲದೆ ಹಾನಿಯಾದದ್ದು ದೆಹಲಿಯ ಸೇನಾ ಆಸ್ಪತ್ರೆಯ ಸ್ಕ್ಯಾನ್‌ನಲ್ಲಿ ಕಂಡಿತ್ತು. ಫೆಬ್ರವರಿ 11ರಂದು ಅವರು ತೀರಿಕೊಂಡರು. ಅಂಥ ದೊಡ್ಡ ಘಟನೆ ಸುದ್ದಿಯಾಗುತ್ತದೆ. ಗುಡ್ಡದ ರಸ್ತೆಯಲ್ಲಿ ಟ್ರಕ್ ಮಗುಚಿ ತಲೆಗೆ ಪೆಟ್ಟಾಗಿ, ಎರಡು ದಿನ ವಿಶ್ರಾಂತಿ ಪಡೆದು ಮತ್ತೆ ಡ್ಯೂಟಿಗೆ ನಿಂತವರದ್ದು ಸುದ್ದಿಯಾಗುವುದಿಲ್ಲ.

ಚಿಕಿತ್ಸೆಗೆ ನಮ್ಮ ಸರ್ಕಾರ ರೊಕ್ಕ ಕೊಡುವುದಿಲ್ಲ ಅಂದರೆ ತಪ್ಪಾಗುತ್ತದೆ. 2003ರಲ್ಲಿ ಶುರುವಾದ ಇಸಿಎಚ್‌ಎಸ್ ಯೋಜನೆಯಲ್ಲಿ ಮಾಜಿ ಸೈನಿಕರಿಗೆ, ಅವಲಂಬಿತರಿಗೆ ಚಿಕಿತ್ಸೆ ಇದೆ. ಸೇನೆಗೆ ತನ್ನದೇ ವೈದ್ಯಕೀಯ ಸಂಶೋಧನೆ ಇದೆ, ಡಿಆರ್‌ಡಿಒ ಪ್ರಯೋಗಾಲಯಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ದಶಕಗಳಿಂದ ತಲೆಪೆಟ್ಟಿನ ಅಧ್ಯಯನ ಮಾಡುತ್ತ ಬಂದಿದೆ. ಇಂಥ ಪೆಟ್ಟುಗಳಲ್ಲಿ ಸುಮಾರು ಶೇ 60 ರಸ್ತೆ ಅಪಘಾತದಿಂದ ಅಂತ ತೋರಿಸಿಕೊಟ್ಟದ್ದು ಅವರೇ. ಆದರೆ ಊರಿಗೆ ಮರಳಿದ ಫೌಜಿಯ ಮಿದುಳು ಹತ್ತು, ಇಪ್ಪತ್ತು ವರ್ಷದ ಮೇಲೆ ಹೇಗಿದೆ ಅಂತ ನೋಡುವುದಕ್ಕೆ ಅಮೆರಿಕದಂಥ ಪ್ರತ್ಯೇಕ ನಿಧಿ ನಮ್ಮ ಬಜೆಟ್ ಪುಸ್ತಕದಲ್ಲಿ ಕಾಣುವುದಿಲ್ಲ.

ಇದರ ಪೆಟ್ಟು ಬೀಳುವುದು ಪೆನ್ಷನ್ ಮೇಲೆ. 1985ರಲ್ಲಿ ಸಿಗ್ನಲ್ಸ್ ದಳ ಸೇರಿದ್ದ ಧರ್ಮವೀರ್ ಸಿಂಗ್ ಅವರನ್ನು ಮೂರ್ಛೆರೋಗದ ಕಾರಣಕ್ಕೆ 1994ರಲ್ಲಿ ಮನೆಗೆ ಕಳಿಸಿದರು. ಸೇವೆಗೂ ರೋಗಕ್ಕೂ ಸಂಬಂಧ ಇಲ್ಲ ಅಂತ ಅಂಗವೈಕಲ್ಯ ಪೆನ್ಷನ್ ಕೊಡಲಿಲ್ಲ. ಭರ್ತಿ ಆಗುವಾಗ ರೋಗದ ದಾಖಲೆ ಇಲ್ಲದಿದ್ದರೆ ಅದು ಸೇವೆಯಲ್ಲಿ ಬಂದದ್ದು ಅಂತಲೇ ಹಿಡಿಯಬೇಕು, ಅಲ್ಲ ಅನ್ನುವವರು ಕಾರಣ ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2013ರ ಜುಲೈನಲ್ಲಿ. ನಡುವೆ 19 ವರ್ಷ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಬಂದಿವೆ. ನಿಯಮ ಯಾವುದೇ ಇರಲಿ, ಪೆಟ್ಟಿಗೂ ಮುಂದಿನ ರೋಗಕ್ಕೂ ಇರುವ ಕೊಂಡಿಯನ್ನು ತೋರಿಸುವ ಅಧ್ಯಯನ ನಮ್ಮ ಸೈನಿಕರ ಮೇಲೆಯೇ ನಡೆದಿದ್ದರೆ ವಾದ ಇಷ್ಟು ಉದ್ದ ಆಗಬೇಕಾಗಿರಲಿಲ್ಲ.

"ಇದೆಲ್ಲ ಹಳ್ಳಿಯಾಗ ಎಲ್ಲಿ ಆಗ್ತದ?" ಅನ್ನಬೇಡಿ. ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಅನುದಾನದಿಂದ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಇಪ್ಪತ್ತು ವರ್ಷದಿಂದ ಗರ್ಭಿಣಿಯರ, ಶಿಶುಗಳ ಅಧ್ಯಯನ ನಡೆಸಿದೆ. ಹಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಬಸುರಿಯರ ಹೆಸರು ಬರೆದುಕೊಂಡು, ಹೆರಿಗೆವರೆಗೆ, ಆಮೇಲೂ ಮನೆಗೆ ಹೋಗಿ ವಿಚಾರಿಸಿದ್ದಾರೆ. ಅಲ್ಲಿ ಸಿಕ್ಕ ಫಲಿತಾಂಶ ಜಗತ್ತಿನ ದೊಡ್ಡ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿದೆ. ಐಸಿಎಂಆರ್‌ನ ಒಂದು ಸಂಸ್ಥೆಯೂ ಬೆಳಗಾವಿಯಲ್ಲೇ ಇದೆ. ಮಿಲಿಟರಿ ಆಸ್ಪತ್ರೆ ಇದೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಮಾಜಿ ಸೈನಿಕರ ಪಟ್ಟಿ ಇದೆ. ಇವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸಿದರೆ ಬಸುರಿಯರ ಪಟ್ಟಿಯಂತೆ ಫೌಜಿಗಳ ತಲೆಪೆಟ್ಟಿನ ಪಟ್ಟಿಯೂ ಆದೀತು. ಟೆಕ್ಸಾಸಿನ 400 ಕೋಟಿ ಅದಕ್ಕೆ ಬೇಡ. ಸಂಸದರು, ಶಾಸಕರು ಹುತಾತ್ಮರ ಸ್ಮಾರಕಕ್ಕೆ ಹೂ ಹಾಕಲು ಬಂದಾಗ ಇದನ್ನೂ ಒಂದು ಮಾತು ಕೇಳಬಹುದಲ್ಲ.

ಇದು ಬರೀ ಫೌಜಿಗಳಿಗಷ್ಟೇ ಉಪಯೋಗ ಅಂತಲೂ ಅಲ್ಲ. ನಿಪ್ಪಾಣಿ ಹೆದ್ದಾರಿಯಲ್ಲಿ ಬೈಕ್ ಮೇಲಿಂದ ಬಿದ್ದವನ ಮರೆವೂ ಹೆಚ್ಚು ಕಡಿಮೆ ಅದೇ ಮರೆವು.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದ ಕೆಲಸ ಒಂದಿದೆ. ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಬುಕ್, ಮೆಡಿಕಲ್ ಬೋರ್ಡ್ ಕಾಗದ, ಪೆಟ್ಟಾದಾಗಿನ ಆಸ್ಪತ್ರೆ ಚೀಟಿ ತೆಗೆದು ಒಂದು ಫೈಲ್ ಮಾಡಿ, ಝೆರಾಕ್ಸ್ ಇಟ್ಟುಕೊಳ್ಳಿ. ತಲೆನೋವು, ಮೂರ್ಛೆ, ಮರೆವು ಯಾವಾಗ ಶುರುವಾಯಿತು ಅಂತ ತಾರೀಖು ಹಾಕಿ ಬರೆದಿಡಿ. ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನ ವೈದ್ಯರಿಗೆ "ತಲೆಗೆ ಪೆಟ್ಟಾಗಿತ್ತು" ಅಂತ ಬಾಯಿಬಿಟ್ಟು ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಪೆನ್ಷನ್ ತಕರಾರು ಇದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಅಲ್ಲಿಯೂ ಮೊದಲು ಕೇಳುವುದು ಇದೇ ಕಾಗದಗಳನ್ನು.