ಆಡುವ ಮೊದಲೇ ಅಂಕಕ್ಕಾಗಿ ಕಾದಾಟ

ಚೀನಾದ ಗೇಮ್ ಸೈನ್ಸ್ ಸಂಸ್ಥೆ ರೂಪಿಸಿದ ‘ಬ್ಲ್ಯಾಕ್ ಮಿತ್: ವುಕಾಂಗ್’ ಎಂಬ ಆ್ಯಕ್ಷನ್ ಗೇಮ್ ಮಾರುಕಟ್ಟೆಗೆ ಬಂದದ್ದು 2024ರ ಆಗಸ್ಟ್ 20ರಂದು. ಆದರೆ ಅದರ ಕುರಿತ ಜಗಳ ಆರಂಭವಾದದ್ದು ಅದಕ್ಕೂ ನಾಲ್ಕು ದಿನ ಮೊದಲು. ವಿಮರ್ಶೆ ಪ್ರಕಟಣೆಯ ಮೇಲಿದ್ದ ನಿರ್ಬಂಧ ಆಗಸ್ಟ್ 16ರಂದು ತೆರವಾಯಿತು. ಅಂಕಗಳ ಸರಾಸರಿ ನೂರಕ್ಕೆ 80ರ ಆಸುಪಾಸಿನಲ್ಲಿದೆ ಎಂಬುದು ಗೊತ್ತಾಗುತ್ತಿದ್ದಂತೆ ಅಭಿಮಾನಿಗಳು ಎರಡು ಬಣಗಳಾಗಿ ಒಡೆದರು. ಪಾಶ್ಚಾತ್ಯ ವಿಮರ್ಶಕರ ಪೂರ್ವಗ್ರಹದಿಂದಾಗಿ ಆಟಕ್ಕೆ ಅನ್ಯಾಯವಾಗಿದೆ ಎಂಬುದು ಒಂದು ಬಣದ ದೂರು. ಇಷ್ಟು ವರ್ಷ ಊದಿದ ಪ್ರಚಾರದ ಬಲೂನಿಗೆ ಸೂಜಿ ಚುಚ್ಚಿದಂತಾಯಿತು ಎಂಬುದು ಇನ್ನೊಂದು ಬಣದ ಸಮಾಧಾನ. ಸ್ವಾರಸ್ಯದ ಸಂಗತಿಯೆಂದರೆ, ಹೀಗೆ ಕಾದಾಡುತ್ತಿದ್ದವರಲ್ಲಿ ಬಹುತೇಕ ಯಾರೂ ಆ ಆಟವನ್ನು ಆಡಿರಲಿಲ್ಲ. ಆಡುವುದು ಸಾಧ್ಯವೂ ಇರಲಿಲ್ಲ.

ಹಾಗಾದರೆ ಅವರು ಸಮರ್ಥಿಸುತ್ತಿದ್ದುದು ಅಥವಾ ಹಳಿಯುತ್ತಿದ್ದುದು ಏನನ್ನು? ವಿಡಿಯೊ ಗೇಮ್ ಎಂದರೆ ಮಕ್ಕಳಾಟಿಕೆ ಎಂದು ತಳ್ಳಿಹಾಕುವವರೂ ಈ ಪ್ರಶ್ನೆಯನ್ನು ಗಂಭೀರವಾಗಿ ಪರಿಗಣಿಸಬೇಕು ಎಂಬುದು ನನ್ನ ಭಾವನೆ. ಏಕೆಂದರೆ ಇದು ಕೇವಲ ಆಟದ ಪ್ರಶ್ನೆಯಲ್ಲ. ವಿಮರ್ಶೆ ಎಂಬ ವ್ಯವಸ್ಥೆ ಯಾರಿಗಾಗಿ ಇದೆ ಎಂಬ ಮೂಲಭೂತ ಪ್ರಶ್ನೆ.

ವುಕಾಂಗನ ಕಥೆ ನಮಗೆ ತೀರಾ ಅಪರಿಚಿತವೇನಲ್ಲ. ಏಳನೇ ಶತಮಾನದಲ್ಲಿ ಬೌದ್ಧ ಗ್ರಂಥಗಳನ್ನು ಅರಸಿ ಭಾರತಕ್ಕೆ ಬಂದ, ಇಮ್ಮಡಿ ಪುಲಿಕೇಶಿಯ ರಾಜ್ಯದ ಬಗ್ಗೆಯೂ ಬರೆದಿಟ್ಟ ಹ್ಯೂಯೆನ್ ತ್ಸಾಂಗನ ಯಾತ್ರೆಯೇ ಚೀನೀಯರ ಪ್ರಸಿದ್ಧ ಕಾದಂಬರಿ ‘ಜರ್ನಿ ಟು ದಿ ವೆಸ್ಟ್’ಗೆ ಪ್ರೇರಣೆ. ಅದರಲ್ಲಿ ಯಾತ್ರಿಕನಿಗೆ ಬೆಂಗಾವಲಾಗಿ ಬರುವ ವಾನರವೀರನೇ ಸುನ್ ವುಕಾಂಗ್. ಈ ಆಟದ 13 ನಿಮಿಷಗಳ ದೃಶ್ಯತುಣುಕು ಮೊದಲು ಹೊರಬಂದದ್ದು 2020ರ ಆಗಸ್ಟ್‌ನಲ್ಲಿ. ಅಂದಿನಿಂದ ನಾಲ್ಕು ವರ್ಷ ಕೋಟ್ಯಂತರ ಜನ ಕಾದರು. ಜಪಾನ್ ಮತ್ತು ಅಮೆರಿಕದ ಕಂಪನಿಗಳಿಗೆ ಸರಿಸಾಟಿಯಾಗಿ ಚೀನಾ ನಿಲ್ಲುವುದು ಈ ಆಟದ ಮೂಲಕವೇ ಎಂಬ ಹೆಮ್ಮೆಯೂ ಜತೆಗೂಡಿತು. ಹೀಗಿರುವಾಗ 80 ಎಂಬ ಅಂಕ ಆಟದ ಮೌಲ್ಯಮಾಪನವಾಗಿ ಕಾಣಲಿಲ್ಲ. ತಮ್ಮ ನಾಲ್ಕು ವರ್ಷಗಳ ಕಾಯುವಿಕೆಯ ಮೇಲಿನ ತೀರ್ಪಾಗಿ ಕಂಡಿತು.

ವಿಮರ್ಶೆಗಳನ್ನು ಓದಿದವರಿಗೆ ಬೇರೆಯದೇ ಚಿತ್ರ ಸಿಗುತ್ತಿತ್ತು. ದೈತ್ಯ ಎದುರಾಳಿಗಳೊಂದಿಗಿನ ಕಾಳಗವನ್ನೂ ದೃಶ್ಯವೈಭವವನ್ನೂ ವಿಮರ್ಶಕರು ಮೆಚ್ಚಿದ್ದರು. ಮುಂದೆ ಬಯಲು ಕಾಣಿಸುತ್ತಿದ್ದರೂ ಹೆಜ್ಜೆಯಿಡಲು ಬಿಡದ ಅಗೋಚರ ಗೋಡೆಗಳ ಬಗ್ಗೆ, ತಾಂತ್ರಿಕ ತೊಡಕುಗಳ ಬಗ್ಗೆ ಆಕ್ಷೇಪವಿತ್ತು. ಐಜಿಎನ್ ಎಂಬ ಖ್ಯಾತ ಜಾಲತಾಣ ಹತ್ತಕ್ಕೆ 8 ಅಂಕ ಕೊಟ್ಟರೆ, ಅದರ ಚೀನಾ ಆವೃತ್ತಿ ಪೂರ್ತಿ 10 ಕೊಟ್ಟಿತು. ಒಂದೇ ಹೆಸರಿನಡಿ ಎರಡು ಅಭಿಪ್ರಾಯ! ಓದುಗನಿಗೆ ಇದಕ್ಕಿಂತ ಉಪಯುಕ್ತ ಸಂಗತಿ ಇನ್ನೇನಿದೆ? ಆದರೆ ಚರ್ಚೆ ನಡೆದದ್ದು ಬರಹದ ಬಗ್ಗೆ ಅಲ್ಲ, ಬರಹದ ಕೆಳಗಿದ್ದ ಅಂಕಿಯ ಬಗ್ಗೆ.

ಮಾರಾಟಕ್ಕಂತೂ ಈ ಅಂಕಿಯಿಂದ ಯಾವ ಅಡ್ಡಿಯೂ ಆಗಲಿಲ್ಲ. ಮೂರೇ ದಿನಗಳಲ್ಲಿ ಒಂದು ಕೋಟಿ ಪ್ರತಿಗಳು ಖರ್ಚಾದವು. ಆದರೂ ಅಸಮಾಧಾನ ತಣಿಯಲಿಲ್ಲ. ಡಿಸೆಂಬರ್‌ನಲ್ಲಿ ವರ್ಷದ ಅತ್ಯುತ್ತಮ ಆಟ ಎಂಬ ಪ್ರಶಸ್ತಿ ‘ಆಸ್ಟ್ರೊ ಬಾಟ್’ಗೆ ಹೋದಾಗ, ಅತ್ಯುತ್ತಮ ಆ್ಯಕ್ಷನ್ ಗೇಮ್ ಪ್ರಶಸ್ತಿ ವುಕಾಂಗನಿಗೇ ಸಂದಿದ್ದರೂ, ಅದೇ ಕೋಪ ಮತ್ತೆ ಭುಗಿಲೆದ್ದಿತು.

ನೂರಕ್ಕೆ 80 ಎಂದರೆ ನಮ್ಮ ಪರೀಕ್ಷೆಗಳ ಲೆಕ್ಕದಲ್ಲಿ ಉನ್ನತ ದರ್ಜೆ. ಗೇಮ್‌ಗಳ ಲೋಕದಲ್ಲಿ ಅದು ಅವಮಾನವಾದದ್ದು ಹೇಗೆ? ಉತ್ತರಕ್ಕಾಗಿ ಮೆಟಾಕ್ರಿಟಿಕ್ ಎಂಬ ಜಾಲತಾಣದ ಕಡೆ ನೋಡಬೇಕು. 2001ರಲ್ಲಿ ಆರಂಭವಾದ ಈ ತಾಣ ಬೇರೆ ಬೇರೆ ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸಿ ಸರಾಸರಿ ಕಟ್ಟುತ್ತದೆ. ಯಾವ ಪತ್ರಿಕೆಗೆ ಎಷ್ಟು ತೂಕ ಎಂಬುದನ್ನು ಅದು ಬಹಿರಂಗಪಡಿಸುವುದಿಲ್ಲ. ಇನ್ನೊಂದು ವಿಶೇಷವಿದೆ. ಇಲ್ಲಿ ಸಿನಿಮಾ 61 ಅಂಕ ಪಡೆದರೆ ಸಾಕು, ಹಸಿರು ಬಣ್ಣದ ಗೌರವ ಸಿಗುತ್ತದೆ. ಅದೇ ಹಸಿರು ಗೇಮ್‌ಗೆ ಸಿಗಬೇಕಾದರೆ 75 ಅಂಕ ಬೇಕು. ಅಂದರೆ ಗೇಮ್ ವಿಮರ್ಶಕರು ಧಾರಾಳವಾಗಿ ಅಂಕ ಕೊಡುತ್ತಾರೆ ಎಂಬುದನ್ನು ಅಳತೆಗೋಲೇ ಒಪ್ಪಿಕೊಂಡಂತಾಯಿತು. ಎಲ್ಲರೂ 70ರ ಮೇಲೆಯೇ ಕುಳಿತಾಗ 80 ಸಾಧಾರಣವಾಗುತ್ತದೆ, 70 ಅನುತ್ತೀರ್ಣವಾಗುತ್ತದೆ, ಒಂದರಿಂದ ಐದರವರೆಗಿನ ಅಂಕಿಗಳು ಅಲಂಕಾರಕ್ಕೆ ಉಳಿಯುತ್ತವೆ. ಹತ್ತನೇ ತರಗತಿಯಲ್ಲಿ ನೂರಕ್ಕೆ 85 ಪಡೆದ ಮಗುವಿನ ಮುಂದೆ ಮುಖ ಬಾಡಿಸಿಕೊಳ್ಳುವ ತಂದೆ ತಾಯಂದಿರನ್ನು ಕಂಡಿರುವ ನಮಗೆ ಈ ವಿಕೃತಿಯನ್ನು ವಿವರಿಸಬೇಕಾಗಿಲ್ಲ.

ಇದು ವುಕಾಂಗನಿಂದ ಶುರುವಾದ ವ್ಯಾಧಿಯೂ ಅಲ್ಲ. 2006ರಲ್ಲಿ ಗೇಮ್‌ಸ್ಪಾಟ್ ಜಾಲತಾಣ ‘ಜೆಲ್ಡಾ’ ಸರಣಿಯ ‘ಟ್ವೈಲೈಟ್ ಪ್ರಿನ್ಸೆಸ್’ಗೆ ಹತ್ತಕ್ಕೆ 8.8 ಕೊಟ್ಟಾಗ ಅಭಿಮಾನಿಗಳು ಕೆಂಡಾಮಂಡಲವಾಗಿದ್ದರು. 2016ರಲ್ಲಿ ‘ಅನ್‌ಚಾರ್ಟೆಡ್ 4’ ಕುರಿತು ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬಂದ ಪ್ರತಿಕೂಲ ವಿಮರ್ಶೆಯನ್ನು ಸರಾಸರಿಯ ಲೆಕ್ಕದಿಂದಲೇ ತೆಗೆಯಬೇಕೆಂದು ಸಹಿ ಸಂಗ್ರಹ ನಡೆಯಿತು. 2017ರಲ್ಲಿ ಇನ್ನೊಂದು ಜೆಲ್ಡಾ ಆಟಕ್ಕೆ 7 ಅಂಕ ಕೊಟ್ಟು ಅದರ ಸರಾಸರಿ 98ರಿಂದ 97ಕ್ಕೆ ಇಳಿಯಲು ಕಾರಣರಾದ ವಿಮರ್ಶಕರ ಜಾಲತಾಣದ ಮೇಲೆ ದಾಳಿ ನಡೆಸಿ ಅದನ್ನು ಸ್ಥಗಿತಗೊಳಿಸಲಾಯಿತು. ಒಂದು ಅಂಕಕ್ಕೆ ಇಷ್ಟು ಬೆಲೆ!

ಅಭಿಮಾನಿಗಳದ್ದಷ್ಟೇ ಅತಿರೇಕವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಒಂದು ಅಂಕಕ್ಕೆ ನಿಜವಾಗಿಯೂ ಬೆಲೆ ಇದೆ, ಅದನ್ನು ಕಟ್ಟಿದ್ದು ಉದ್ಯಮವೇ. 2010ರಲ್ಲಿ ಬಂದ ‘ಫಾಲ್‌ಔಟ್: ನ್ಯೂ ವೇಗಸ್’ ಆಟವನ್ನು ರೂಪಿಸಿದ ಅಬ್ಸಿಡಿಯನ್ ಸಂಸ್ಥೆಗೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಮಾತ್ರ ಬೋನಸ್ ಎಂಬ ಷರತ್ತಿತ್ತು. ಬಂದದ್ದು 84. ಬೋನಸ್ ಕೈತಪ್ಪಿದ ಸಂಗತಿಯನ್ನು ಆಟದ ವಿನ್ಯಾಸಕಾರರಲ್ಲೊಬ್ಬರಾದ ಕ್ರಿಸ್ ಅವೆಲೋನ್ 2012ರಲ್ಲಿ ಬಹಿರಂಗಪಡಿಸಿದರು. ಯಾವುದೋ ಊರಿನ ವಿಮರ್ಶಕ 8ರ ಬದಲು 9 ಬರೆದಿದ್ದರೆ ಹತ್ತಾರು ಉದ್ಯೋಗಿಗಳ ಮನೆಗೆ ಹಣ ಬರುತ್ತಿತ್ತು ಎಂಬ ಸ್ಥಿತಿ ವಿಮರ್ಶಕನಿಗೂ ಒಳ್ಳೆಯದಲ್ಲ, ಉದ್ಯೋಗಿಗೂ ಒಳ್ಳೆಯದಲ್ಲ.

ಅಂಕ ತನ್ನ ಮೂಲ ಉದ್ದೇಶವನ್ನೇ ಮರೆತದ್ದಕ್ಕೆ ‘ಸೈಬರ್‌ಪಂಕ್ 2077’ ಪ್ರಕರಣಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆ ಈ ಆಟವನ್ನು ಘೋಷಿಸಿದ್ದು 2012ರಲ್ಲಿ, ಬಿಡುಗಡೆ ಮಾಡಿದ್ದು 2020ರ ಡಿಸೆಂಬರ್ 10ರಂದು. 80 ಲಕ್ಷ ಜನ ಅದಕ್ಕೆ ಮುಂಗಡವಾಗಿಯೇ ಹಣ ಕೊಟ್ಟಿದ್ದರು. ವಿಮರ್ಶಕರಿಗೆ ಮೊದಲು ಸಿಕ್ಕಿದ್ದು ಕಂಪ್ಯೂಟರ್ ಆವೃತ್ತಿ ಮಾತ್ರ. ತಾವು ಆಡಿದ ದೃಶ್ಯಗಳನ್ನು ತೋರಿಸುವ ಸ್ವಾತಂತ್ರ್ಯವೂ ಅವರಿಗಿರಲಿಲ್ಲ. ಕಂಪನಿ ಕೊಟ್ಟ ದೃಶ್ಯಗಳನ್ನೇ ಬಳಸಬೇಕಿತ್ತು. ಸರಾಸರಿ 90 ದಾಟಿತು. ಗೇಮ್‌ಸ್ಪಾಟ್‌ನ ವಿಮರ್ಶಕಿಯೊಬ್ಬರು ದೋಷಗಳನ್ನು ಪಟ್ಟಿ ಮಾಡಿ 7 ಅಂಕ ಕೊಟ್ಟಾಗ ಆಟವನ್ನು ಇನ್ನೂ ಮುಟ್ಟದ ಅಭಿಮಾನಿಗಳು ಅವರ ಮೇಲೆ ಮುಗಿಬಿದ್ದು ನಿಂದಿಸಿದರು.

ಮುಂದಿನದು ಇತಿಹಾಸ. ಹಳೆಯ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಕನ್ಸೋಲ್‌ಗಳಲ್ಲಿ ಆಟ ಕುಂಟಿತು, ನಡುನಡುವೆ ನಿಂತೇಹೋಯಿತು. ಡಿಸೆಂಬರ್ 17ರಂದು ಸೋನಿ ಕಂಪನಿ ಅದನ್ನು ತನ್ನ ಆನ್‌ಲೈನ್ ಮಳಿಗೆಯಿಂದಲೇ ತೆಗೆದು, ಹಣ ವಾಪಸ್ ಕೊಡುವುದಾಗಿ ಪ್ರಕಟಿಸಿತು. ಆಟ ಅಲ್ಲಿಗೆ ಮರಳಿದ್ದು 2021ರ ಜೂನ್‌ನಲ್ಲಿ. ಸಿಡಿ ಪ್ರಾಜೆಕ್ಟ್‌ನಲ್ಲೂ ಉದ್ಯೋಗಿಗಳ ಬೋನಸ್ಸಿಗೆ 90 ಅಂಕದ ನಂಟಿತ್ತೆಂದೂ ಬಿಡುಗಡೆಯ ಬಳಿಕ ಆ ಷರತ್ತನ್ನು ಕೈಬಿಡಲಾಯಿತೆಂದೂ ಬ್ಲೂಮ್‌ಬರ್ಗ್ ವರದಿ ಮಾಡಿತು. ಮುಂದೆ ವರ್ಷಗಟ್ಟಲೆ ದುರಸ್ತಿ ನಡೆದು ಆಟ ಸುಧಾರಿಸಿತು, 2023ರ ‘ಫ್ಯಾಂಟಮ್ ಲಿಬರ್ಟಿ’ ವಿಸ್ತರಣೆ ಪ್ರಶಂಸೆಯನ್ನೂ ಗಳಿಸಿತು ಎಂಬುದು ನಿಜ. ಆದರೆ ಮೊದಲ ವಾರ ಹಣ ತೆತ್ತವನಿಗೆ 90 ಎಂಬ ಅಂಕಿ ಯಾವ ರಕ್ಷಣೆಯನ್ನೂ ಕೊಡಲಿಲ್ಲ. ಕೊಡಬಹುದಾಗಿದ್ದುದು ಆ ಒಂಟಿ 7. ಅದನ್ನು ಬರೆದವರನ್ನೇ ಕಲ್ಲು ಹೊಡೆದು ಓಡಿಸಲು ನೋಡಿದರು ಗ್ರಾಹಕರು.

ಇಲ್ಲಿಯೇ ನನ್ನ ವಾದದ ತಿರುಳಿದೆ. ಅಂಕದ ಜಗಳ ಆಟದ ಗುಣಮಟ್ಟದ ಬಗ್ಗೆ ಅಲ್ಲವೇ ಅಲ್ಲ. ಮುಂಗಡವಾಗಿ ತೆತ್ತದ್ದರ ಬಗ್ಗೆ. ಅಭಿಮಾನಿ ಕೆಲವೊಮ್ಮೆ ಹಣವನ್ನು, ಯಾವಾಗಲೂ ಭಾವನೆಯನ್ನು, ಇನ್ನೂ ಹುಟ್ಟದ ವಸ್ತುವಿನ ಮೇಲೆ ಹೂಡಿರುತ್ತಾನೆ. ತಾನು ಮೋಸಹೋಗಿಲ್ಲ ಎಂಬ ಪ್ರಮಾಣಪತ್ರ ಅವನಿಗೆ ಬೇಕು. ವಿಮರ್ಶಕ ಅದಕ್ಕೆ ಮುದ್ರೆ ಒತ್ತುವ ಗುಮಾಸ್ತನಾಗಬೇಕು. ಮುದ್ರೆ ಒತ್ತದವನು ಶತ್ರು.

ಅಭಿಮಾನಿಗಳ ಸಂಶಯವೆಲ್ಲ ನಿರಾಧಾರ ಎಂದು ಹೇಳಲಾಗದು. 2007ರಲ್ಲಿ ಗೇಮ್‌ಸ್ಪಾಟ್‌ನ ಹಿರಿಯ ವಿಮರ್ಶಕ ಜೆಫ್ ಗರ್ಸ್ಟ್‌ಮನ್ ‘ಕೇನ್ ಅಂಡ್ ಲಿಂಚ್’ ಎಂಬ ಆಟಕ್ಕೆ 6 ಅಂಕ ಕೊಟ್ಟರು. ಅದೇ ಹೊತ್ತಿಗೆ ಆ ಜಾಲತಾಣದ ತುಂಬ ಅದೇ ಆಟದ ಜಾಹೀರಾತು. ಸ್ವಲ್ಪ ದಿನಗಳಲ್ಲೇ ಅವರ ಕೆಲಸ ಹೋಯಿತು. ಕಡಿಮೆ ಅಂಕಗಳ ಬಗೆಗಿನ ಒತ್ತಡವೇ ಕಾರಣ ಎಂದು 2012ರಲ್ಲಿ ಅವರೇ ಹೇಳಿದರು. ಜಾಹೀರಾತುದಾರನ ಹಂಗಿನಲ್ಲಿರುವ ವಿಮರ್ಶೆಯನ್ನು ನಂಬುವುದು ಹೇಗೆ ಎಂದು ಓದುಗ ಕೇಳಿದರೆ ತಪ್ಪಿಲ್ಲ. ಆಟಗಳ ಬೆಲೆಯೂ ಅಲ್ಪವಲ್ಲ. ಭಾರತದಲ್ಲಿ ಪ್ಲೇಸ್ಟೇಷನ್ 5ರ ಮೊದಲ ದೊಡ್ಡ ಆಟಗಳು 4,999 ರೂಪಾಯಿಗೆ ಮಾರಾಟವಾದವು. ಮಧ್ಯಮ ವರ್ಗದ ಮನೆಯೊಂದು ಆಟಕ್ಕೆಂದು ಅಷ್ಟು ಹಣ ತೆಗೆದಿಡುವಾಗ ಸ್ಪಷ್ಟ ಮಾತನ್ನು ಬಯಸುವುದು ಸಹಜ.

ಆದರೆ ಈ ಸಂಶಯಕ್ಕೆ ಅಭಿಮಾನಿಗಳು ಕಂಡುಕೊಂಡ ಪರಿಹಾರ ರೋಗಕ್ಕಿಂತ ಕೆಟ್ಟದು. 2020ರ ಜೂನ್ 19ರಂದು ‘ದಿ ಲಾಸ್ಟ್ ಆಫ್ ಅಸ್ ಭಾಗ 2’ ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಸಾವಿರಾರು ಜನ ಮೆಟಾಕ್ರಿಟಿಕ್‌ಗೆ ನುಗ್ಗಿ ಸೊನ್ನೆ ಸುರಿದರು. ವಿಮರ್ಶಕರ ಸರಾಸರಿ 93 ಇದ್ದಲ್ಲಿ ಬಳಕೆದಾರರ ಸರಾಸರಿ ಹತ್ತಕ್ಕೆ ಐದಕ್ಕಿಂತಲೂ ಕೆಳಗೆ ಕುಸಿಯಿತು. ಮುಗಿಸಲು ಸುಮಾರು 25 ಗಂಟೆ ಹಿಡಿಯುವ ಆಟವನ್ನು ಅಷ್ಟು ಬೇಗ ಅಳೆದವರಾರು? ಮುಂದಿನ ತಿಂಗಳು ಮೆಟಾಕ್ರಿಟಿಕ್ ಹೊಸ ನಿಯಮ ತಂದು, ಬಿಡುಗಡೆಯ ನಂತರ 36 ಗಂಟೆ ಕಳೆಯುವವರೆಗೆ ಬಳಕೆದಾರರು ಅಂಕ ನೀಡುವಂತಿಲ್ಲ ಎಂದಿತು.

ನಮ್ಮ ಚಿತ್ರರಂಗವೂ ಇಂಥದೇ ದಾರಿಯಲ್ಲಿ ಯೋಚಿಸಿದ್ದುಂಟು. ಸಿನಿಮಾ ಬಿಡುಗಡೆಯಾಗಿ 48 ಗಂಟೆಗಳವರೆಗೆ ವ್ಲಾಗರ್‌ಗಳು ವಿಮರ್ಶೆ ಮಾಡಬಾರದು ಎಂಬ ಸಲಹೆ 2024ರಲ್ಲಿ ಕೇರಳ ಹೈಕೋರ್ಟ್‌ನ ಮುಂದೆ ಅಮಿಕಸ್ ಕ್ಯೂರಿಯ ವರದಿಯ ರೂಪದಲ್ಲಿ ಬಂದಿತ್ತು. ಎರಡೂ ಒಂದೇ ರೀತಿ ಕಂಡರೂ ವ್ಯತ್ಯಾಸ ಮುಖ್ಯ. 36 ಗಂಟೆಯ ನಿಯಮ ‘ಮೊದಲು ಆಡು, ಆಮೇಲೆ ಮಾತನಾಡು’ ಎನ್ನುತ್ತದೆ. 48 ಗಂಟೆಯ ಸಲಹೆ ನೋಡಿ ಬಂದವನ ಬಾಯಿಗೂ ಬೀಗ ಹಾಕುತ್ತದೆ. ಮೊದಲನೆಯದು ವಿಮರ್ಶೆಯ ರಕ್ಷಣೆ, ಎರಡನೆಯದು ಮೊದಲ ವಾರಾಂತ್ಯದ ಗಳಿಕೆಯ ರಕ್ಷಣೆ.

ಅಂಕವನ್ನೇ ರದ್ದುಪಡಿಸಿದರೆ? ಬ್ರಿಟನ್ನಿನ ಯೂರೋಗೇಮರ್ ಜಾಲತಾಣ 2015ರಲ್ಲಿ ಆ ಪ್ರಯೋಗ ಮಾಡಿತು. ಅಂಕದ ಬದಲು ‘ಶಿಫಾರಸು’, ‘ಬೇಡ’ ಎಂಬಂಥ ಮಾತುಗಳನ್ನು ಬಳಸಿತು. 2023ರಲ್ಲಿ ಐದು ನಕ್ಷತ್ರಗಳ ಪದ್ಧತಿಗೆ ಮರಳಿತು. ಅಂಕಿಯ ಸೆಳೆತ ಅಷ್ಟಿದೆ. ಹೀಗಾಗಿ ಅಂಕವನ್ನು ಓಡಿಸುವ ಆದರ್ಶಕ್ಕಿಂತ ಅದರ ಕೊರಳಿಗೆ ಕಟ್ಟಿರುವ ಹೊರೆಗಳನ್ನು ಬಿಚ್ಚುವುದು ಲೇಸು. ಉದ್ಯೋಗಿಗಳ ಬೋನಸ್ಸಿಗೂ ಸರಾಸರಿಗೂ ಇರುವ ನಂಟನ್ನು ಕಂಪನಿಗಳು ಕಡಿದುಕೊಳ್ಳಬೇಕು. ಮಾರಾಟಕ್ಕಿಡುವ ಪ್ರತಿಯೊಂದು ಆವೃತ್ತಿಯೂ ವಿಮರ್ಶಕರ ಕೈಗೆ ಮೊದಲೇ ಸಿಗಬೇಕು. ಸಿಗದಿದ್ದರೆ ಅದನ್ನು ವಿಮರ್ಶೆಯ ಮೊದಲ ಸಾಲಿನಲ್ಲೇ ಹೇಳಬೇಕು. ಸರಾಸರಿ ಕಟ್ಟುವವರು ತೂಕದ ಲೆಕ್ಕ ಬಿಚ್ಚಿಡಬೇಕು.

ಉಳಿದದ್ದು ಆಟಗಾರರ ಕೈಯಲ್ಲಿದೆ. ಸ್ಟೀಮ್ ಮಳಿಗೆಯಲ್ಲಿ ಖರೀದಿಸಿದ ಆಟವನ್ನು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹದಿನಾಲ್ಕು ದಿನಗಳೊಳಗೆ ಹಿಂದಿರುಗಿಸಿ ಹಣ ಪಡೆಯುವ ಅವಕಾಶ 2015ರಿಂದ ಇದೆ. ಆಟದ ಪ್ರತಿಗಳೇನೂ ಅಂಗಡಿಯಲ್ಲಿ ಮುಗಿದುಹೋಗುವ ಕಾಲ ಇದಲ್ಲ. ಹೀಗಿದ್ದೂ ತಿಂಗಳುಗಳ ಮೊದಲೇ ಹಣ ಕಟ್ಟುವ ಅವಸರವೇಕೆ? ಮುಂಗಡ ಕೊಟ್ಟವನಿಗೆ ಸತ್ಯ ಕೇಳುವ ಸಹನೆ ಉಳಿಯುವುದಿಲ್ಲ. ಕೈಯಲ್ಲಿ ಹಣವಿನ್ನೂ ಇರುವವನು ಮಾತ್ರ ವಿಮರ್ಶೆಯನ್ನು ವಿಮರ್ಶೆಯಾಗಿ ಓದಬಲ್ಲ. ಎಲ್ಲರೂ ಒಂಬತ್ತು ಎಂದಾಗ ಏಳು ಎಂದವನ ಬರಹವನ್ನು ಅಂಥವನು ಮೊದಲು ತೆರೆಯುತ್ತಾನೆ. ಏಕೆಂದರೆ ತನಗೆ ಗೊತ್ತಿಲ್ಲದ್ದು ಇದ್ದರೆ ಅದು ಅಲ್ಲಿಯೇ ಇರುತ್ತದೆ.