ಸ್ವಲೀನತೆಯ ನಿರ್ಣಯ: ತಾಲ್ಲೂಕಿನ ವೈದ್ಯರಿಗೂ ಬೇಕಾದ ಕಲಿಕೆ

ಹೆಸರು ಹಿಡಿದು ಕರೆದರೆ ತಿರುಗಿ ನೋಡದ, ಬೇಕಾದುದನ್ನು ಬೆರಳು ಚಾಚಿ ತೋರಿಸದ, ಆಟದ ಗಾಡಿಯ ಚಕ್ರವನ್ನಷ್ಟೇ ಬಹುಹೊತ್ತು ತಿರುಗಿಸುತ್ತ ಕೂರುವ ಎರಡು ವರ್ಷದ ಮಗುವನ್ನು ಕಂಡು ತಾಯಿ ಕಳವಳಗೊಳ್ಳುತ್ತಾಳೆ. 'ಇವನ ಅಪ್ಪನಿಗೂ ಮಾತು ತಡವಾಗಿಯೇ ಬಂದಿತು' ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ. ಊರಿನ ವೈದ್ಯರೂ ಹಲವೊಮ್ಮೆ ಅದನ್ನೇ ಹೇಳುತ್ತಾರೆ. ಅನುಮಾನ ಬಂದರೂ ದೂರದ ತಜ್ಞರಿಗೆ ಚೀಟಿ ಬರೆದುಕೊಡುವುದಕ್ಕಿಂತ ಹೆಚ್ಚಿನದನ್ನು ಅವರಿಗೆ ಕಲಿಸಿದವರು ವಿರಳ. ಸ್ವಲೀನತೆ, ಅಂದರೆ ಆಟಿಸಂ, ಇದೆಯೆಂದು ಖಚಿತವಾಗುವ ಹೊತ್ತಿಗೆ ಎಷ್ಟೋ ಮಕ್ಕಳು ಶಾಲೆಯ ಬಾಗಿಲಲ್ಲಿ ನಿಂತಿರುತ್ತಾರೆ. ಮಾತು, ಒಡನಾಟಗಳು ಬೇರೂರಬೇಕಾದ ಕಾಲ ಬಹುಪಾಲು ಕಳೆದಿರುತ್ತದೆ.

ತಜ್ಞರಿಗಾಗಿ ಕಾಯುವ ಸಂಕಟ ನಮಗೆ ಮಾತ್ರ ಮೀಸಲಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿಯೂ ಸ್ಥಿತಿ ಹೀಗೆಯೇ ಇತ್ತು. ಅಲ್ಲಿನ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗವು 2012ರಿಂದ ಊರೂರಿನ ಪ್ರಾಥಮಿಕ ಹಂತದ ವೈದ್ಯರಿಗೆ ನಿರ್ಣಯದ ಕೆಲಸವನ್ನೇ ಕಲಿಸತೊಡಗಿತು. ಸುಮಾರು ಇಪ್ಪತ್ತು ನಿಮಿಷ ಮಗುವಿನೊಡನೆ ಗೊತ್ತುಪಡಿಸಿದ ಕ್ರಮದಲ್ಲಿ ಆಡುವುದು, ಅದು ಕಣ್ಣು ಕೂಡಿಸುವುದೇ, ಅನುಕರಿಸುವುದೇ ಎಂದು ಗಮನಿಸುವುದು, ತಂದೆತಾಯಿಗಳಿಂದ ವಿವರ ಪಡೆಯುವುದು, ಬಳಿಕ ತೀರ್ಮಾನಕ್ಕೆ ಬರುವುದು. ಈ ತೀರ್ಮಾನಗಳನ್ನು ತಜ್ಞರು ಪ್ರತ್ಯೇಕವಾಗಿ ಪರಿಶೀಲಿಸಿದ ಅಧ್ಯಯನವೊಂದು 2023ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. 126 ಮಕ್ಕಳಲ್ಲಿ ಶೇ. 82ರಷ್ಟು ಮಕ್ಕಳ ವಿಷಯದಲ್ಲಿ ಇಬ್ಬರ ಅಭಿಪ್ರಾಯವೂ ಒಂದೇ ಆಗಿತ್ತು.

ಉಳಿದ ಶೇ. 18ನ್ನು ನಾವು ಹಗುರವಾಗಿ ಕಾಣಲಾರೆವು. ಇಲ್ಲದ ಹೆಸರನ್ನು ಮಗುವಿಗೆ ಹಚ್ಚುವುದೂ ಇರುವುದನ್ನು ಕಾಣದೆ ಹೋಗುವುದೂ ಮನೆಯೊಂದನ್ನು ಅಲ್ಲಾಡಿಸುತ್ತವೆ. ಆದುದರಿಂದ ಸ್ಪಷ್ಟವಾದ ಪ್ರಕರಣಗಳನ್ನು ಊರಿನ ವೈದ್ಯರು ನಿರ್ಣಯಿಸಲಿ, ಸಂದೇಹವಿದ್ದವನ್ನು ಮೇಲಕ್ಕೆ ಕಳುಹಿಸಲಿ. 'ನನಗೆ ಖಚಿತವಿಲ್ಲ' ಎನ್ನಬಲ್ಲ ವೈದ್ಯರನ್ನು ರೂಪಿಸುವುದೂ ತರಬೇತಿಯ ಭಾಗ. ಬಹುಶಃ ಅದೇ ಕಠಿಣ ಭಾಗ.

ನಮ್ಮಲ್ಲಿ ಅಡಿಪಾಯವೇ ಇಲ್ಲವೆನ್ನುವಂತಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ಬರುತ್ತವೆ. ಅವು ಶೋಧಿಸಬೇಕಾದ 30 ಆರೋಗ್ಯ ಸಮಸ್ಯೆಗಳಲ್ಲಿ ಸ್ವಲೀನತೆಯೂ ಸೇರಿದೆ. ಆದರೆ ಶೋಧನೆ ಬೇರೆ, ನಿರ್ಣಯ ಬೇರೆ. ದೇಶದ ಐದು ಪ್ರದೇಶಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಸರಿಸುಮಾರು ನೂರಕ್ಕೆ ಒಬ್ಬರಲ್ಲಿ ಸ್ವಲೀನತೆಯನ್ನು ಕಂಡಿತು. ಇಷ್ಟು ಮಕ್ಕಳನ್ನು ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಬಾಗಿಲಿಗೇ ಕರೆತರುವೆವೆಂಬುದು ಲೆಕ್ಕಕ್ಕೆ ನಿಲ್ಲದ ಮಾತು.

ಕಲಿಸುವ ದಾರಿಯೂ ಹೊಸದಲ್ಲ. ತಜ್ಞರು ವಿಡಿಯೊ ಮೂಲಕ ದೂರದ ವೈದ್ಯರೊಡನೆ ಕುಳಿತು ಅವರದೇ ರೋಗಿಗಳ ಕುರಿತು ಮತ್ತೆಮತ್ತೆ ಚರ್ಚಿಸುವ 'ಎಕೋ' ವಿಧಾನವನ್ನು ಡಾ. ಸಂಜೀವ್ ಅರೋರಾ 2003ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ ಆರಂಭಿಸಿದರು. ಮಿಸೌರಿ ವಿಶ್ವವಿದ್ಯಾಲಯವು ಅದನ್ನು ಆಟಿಸಂಗೆ ಅಳವಡಿಸಿತು. ನಿಮ್ಹಾನ್ಸ್ ಮಾನಸಿಕ ಆರೋಗ್ಯ ಮತ್ತು ವ್ಯಸನಚಿಕಿತ್ಸೆಗೆ ಬಳಸಿದೆ. ಒಂದು ದಿನದ ಕಾರ್ಯಾಗಾರ, ಊಟ, ಪ್ರಮಾಣಪತ್ರ ಎಂಬ ನಮ್ಮ ರೂಢಿಯ ತರಬೇತಿಯಿಂದ ಈ ಕಲಿಕೆ ದಕ್ಕದು.

ನಿರ್ಣಯದ ಬೆನ್ನಿಗೇ ನೆರವು ದೊರೆಯದಿದ್ದರೆ ಅದು ಬರಿಯ ಹಣೆಪಟ್ಟಿಯಾಗುತ್ತದೆಂಬ ಆಕ್ಷೇಪವಿದೆ. ನಾವು ಅದನ್ನು ಒಪ್ಪುತ್ತೇವೆ. ಆದರೆ ಚಿಕಿತ್ಸಕರು ಸಿಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಆಟ ಮತ್ತು ದಿನಚರಿಯ ಮೂಲಕವೇ ಮಗುವಿನ ಸಂವಹನವನ್ನು ಬೆಳೆಸಲು ಪಾಲಕರಿಗೆ ಕಲಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದೆ.

ಲಸಿಕಾ ಪಟ್ಟಿಯಂತೆ 16ರಿಂದ 24 ತಿಂಗಳ ನಡುವೆ ಮಗು ದಡಾರ-ರುಬೆಲ್ಲಾದ ಎರಡನೆಯ ಡೋಸ್‌ಗಾಗಿ ಬರುತ್ತದೆ. (ದಡಾರದ ಲಸಿಕೆಗೂ ಸ್ವಲೀನತೆಗೂ ನಂಟು ಕಟ್ಟಿದ 1998ರ ಲೇಖನವನ್ನು 'ಲ್ಯಾನ್ಸೆಟ್' ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು, ಆ ಭಯ ಯಾರಿಗೂ ಬೇಡ.) ಇಪ್ಪತ್ತು ಪ್ರಶ್ನೆಗಳ ಎಂ-ಚಾಟ್ ಪಟ್ಟಿ ಸಿದ್ಧವಾಗಿರುವುದೂ 16ರಿಂದ 30 ತಿಂಗಳ ಮಕ್ಕಳಿಗಾಗಿಯೇ. ಲಸಿಕೆಯ ದಿನವೇ ಆ ಪ್ರಶ್ನೆಗಳನ್ನು ಕೇಳುವಂತೆ ಆರೋಗ್ಯ ಇಲಾಖೆ ಆದೇಶಿಸಬಹುದು. ಉತ್ತರಗಳು ಸಂದೇಹ ಹುಟ್ಟಿಸಿದ ಮಕ್ಕಳನ್ನು ನೋಡಲು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ತರಬೇತಾದ ಒಬ್ಬ ವೈದ್ಯರನ್ನು ಮೊದಲು ನೇಮಿಸಲಿ.